ತಗಡಿನ ಅಂಚು: ಮಡಿಕೆಯೊಳಗಿನ ಲೆಕ್ಕ

1 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಅಗಲ, 1 ಮೀಟರ್ ಉದ್ದದ ಉಕ್ಕಿನ ಪಟ್ಟಿಯೊಂದನ್ನು ಒಂದು ತುದಿಯಲ್ಲಿ ಬಿಗಿಯಾಗಿ ಹಿಡಿದು ಇನ್ನೊಂದು ತುದಿಯನ್ನು ಬಿಟ್ಟುಬಿಡಿ. ಆ ತುದಿ ತನ್ನದೇ ಭಾರಕ್ಕೆ ಸುಮಾರು ಅರ್ಧ ಮೀಟರ್ ಜೋತುಬೀಳುತ್ತದೆ. ಈಗ ಪಟ್ಟಿಯ ಎರಡೂ ಉದ್ದಂಚುಗಳಲ್ಲಿ 10 ಮಿಲಿಮೀಟರ್ ಎತ್ತರದ ಗೋಡೆ ಏಳುವಂತೆ ಮಡಿಸಿ ಮತ್ತೆ ಹಾಗೆಯೇ ಹಿಡಿಯಿರಿ. ಈ ಬಾರಿ ಇಳಿತ ಸುಮಾರು 1 ಸೆಂಟಿಮೀಟರ್ ಮಾತ್ರ. ತೂಕ ಒಂದಿಷ್ಟೂ ಹೆಚ್ಚಿಲ್ಲ, ಬಿಗುವು ಮಾತ್ರ 60 ಪಟ್ಟು ಹೆಚ್ಚಿದೆ. ಇದೇ ಬಿಗುವನ್ನು ಬರೀ ದಪ್ಪದಿಂದ ಗಳಿಸಬೇಕಾದರೆ ಸುಮಾರು 4 ಮಿಲಿಮೀಟರ್ ದಪ್ಪದ ತಗಡು ಬೇಕಾಗುತ್ತಿತ್ತು, ತೂಕವೂ ನಾಲ್ಕು ಪಟ್ಟಾಗುತ್ತಿತ್ತು.

ಇದರಲ್ಲಿ ಮಾಯವೇನೂ ಇಲ್ಲ. ಬಾಗುವ ವಸ್ತುವಿನ ನಡುಮಟ್ಟದಿಂದ ಲೋಹ ಎಷ್ಟು ದೂರದಲ್ಲಿದೆಯೋ, ಆ ದೂರದ ವರ್ಗಕ್ಕೆ ತಕ್ಕಂತೆ ಅದು ಬಾಗುವಿಕೆಯನ್ನು ತಡೆಯುತ್ತದೆ. ಮಡಿಸಿದ ಅಂಚು ಮಾಡುವುದು ಇಷ್ಟೇ, ಇದ್ದ ಲೋಹವನ್ನೇ ದೂರಕ್ಕೆ ಸರಿಸಿ ನಿಲ್ಲಿಸುತ್ತದೆ. ಜೊತೆಗೆ ಇನ್ನೆರಡು ಉಪಕಾರಗಳೂ ಆಗುತ್ತವೆ. ಕೈ ಕೊಯ್ಯುವ ಚೂಪು ಒಳಗೆ ಅಡಗುತ್ತದೆ, ಬಣ್ಣ ನಿಲ್ಲದ ಮೊನೆಯ ಜಾಗದಲ್ಲಿ ಬಣ್ಣ ಹಿಡಿಯುವ ದುಂಡು ಬರುತ್ತದೆ. ದ್ರವರೂಪದ ಬಣ್ಣ ಒಣಗುವಾಗ ಮೇಲ್ಮೈ ಎಳೆತದಿಂದಾಗಿ ಚೂಪು ಮೊನೆಯಿಂದ ಹಿಂದೆ ಸರಿಯುತ್ತದೆ. ಪೆಟ್ಟಿಗೆಗೆ ಎಷ್ಟೇ ಚೆನ್ನಾಗಿ ಬಣ್ಣ ಬಳಿದರೂ ತುಕ್ಕು ಮೊದಲು ಅಂಚಿನಲ್ಲೇ ಕಾಣಿಸಿಕೊಳ್ಳುವುದು ಇದರಿಂದ.

ಅಂಚನ್ನು ಕಡೆಗೆ ನೋಡಿಕೊಂಡರಾಯಿತು ಎಂದು ಬಿಡುವವರೇ ಹೆಚ್ಚು. ನನ್ನ ಪ್ರಕಾರ ತಗಡಿನ ಕೆಲಸದಲ್ಲಿ ಮೊದಲು ಯೋಚಿಸಬೇಕಾದದ್ದೇ ಅಂಚು. ತಗಡನ್ನು ಹೇಗೆ ಕತ್ತರಿಸಿದ್ದೀರಿ ಎಂಬುದು ಅದು ಹೇಗೆ ಮಡಿಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ, ಮಡಿಕೆ ಹೇಗಿದೆ ಎಂಬುದರ ಮೇಲೆ ಆ ವಸ್ತು ಎಷ್ಟು ವರ್ಷ ಬಾಳುತ್ತದೆ ಎಂಬುದು ನಿಂತಿದೆ.

ಕತ್ತರಿಸಿದ ಅಂಚನ್ನು ಹತ್ತಿರದಿಂದ ನೋಡಿದರೆ

ಕತ್ತರಿ ಯಂತ್ರದಲ್ಲಿ ತುಂಡರಿಸಿದ ತಗಡಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ನಾಲ್ಕು ಬೇರೆ ಬೇರೆ ಪಟ್ಟಿಗಳು ಕಾಣುತ್ತವೆ. ಮೇಲೆ ಬ್ಲೇಡು ಒತ್ತಿದಾಗ ತಗಡು ಬಾಗಿದ್ದರಿಂದ ಉಂಟಾದ ಸಣ್ಣ ದುಂಡು. ಅದರ ಕೆಳಗೆ ಬ್ಲೇಡು ಉಜ್ಜಿಕೊಂಡು ಇಳಿದ ನುಣುಪಾದ ಹೊಳೆಯುವ ಪಟ್ಟಿ. ಆಮೇಲೆ ಬೂದುಬಣ್ಣದ ಒರಟು ಪಟ್ಟಿ. ಬ್ಲೇಡು ದಪ್ಪವನ್ನು ಪೂರ್ತಿ ಕತ್ತರಿಸುವುದೇ ಇಲ್ಲ. ಸ್ವಲ್ಪ ಒಳಹೊಕ್ಕ ಮೇಲೆ ಉಳಿದ ಲೋಹ ತಾನಾಗಿ ಹರಿದುಹೋಗುತ್ತದೆ, ಆ ಒರಟು ಹರಿದ ಗುರುತು. ಎಲ್ಲಕ್ಕಿಂತ ಕೆಳಗೆ ಹೊರಚಾಚಿದ ಮುಳ್ಳಿನಂಥ ಏಣು. ಕಾರ್ಖಾನೆಗಳಲ್ಲಿ ಇದಕ್ಕೆ ಬರ್ ಎನ್ನುತ್ತಾರೆ.

ಮೇಲಿನ ಬ್ಲೇಡಿಗೂ ಕೆಳಗಿನದಕ್ಕೂ ನಡುವೆ ತಗಡಿನ ದಪ್ಪದ ಶೇಕಡಾ 5ರಿಂದ 10ರಷ್ಟು ಸಂದು ಇರಬೇಕು. 1 ಮಿಲಿಮೀಟರ್ ತಗಡಿಗೆ ಅದು ಕೂದಲೆಳೆಯಷ್ಟು. ಸಂದು ಹೆಚ್ಚಾದರೆ, ಇಲ್ಲವೇ ಬ್ಲೇಡು ಮೊಂಡಾದರೆ, ಲೋಹ ಕತ್ತರಿಸಿಕೊಳ್ಳುವ ಬದಲು ಎಳೆದುಕೊಂಡು ಹೋಗುತ್ತದೆ, ಬರ್ ಬೆಳೆಯುತ್ತದೆ. ಬರ್ ಯಾವ ಕಡೆಗಿದೆ ಎಂದು ತಿಳಿಯಲು ಬೆರಳನ್ನು ಅಂಚಿನ ಉದ್ದಕ್ಕೆ ಎಂದೂ ಎಳೆಯಬೇಡಿ. ತಗಡಿನ ಮುಖದಿಂದ ಅಂಚಿನಾಚೆಗೆ ಹತ್ತಿಯ ತುಣುಕೊಂದನ್ನು ಜಾರಿಸಿ. ಎಳೆ ಸಿಕ್ಕಿಕೊಂಡ ಮುಖವೇ ಬರ್ ಇರುವ ಮುಖ.

ಮಡಿಕೆಯಲ್ಲಿ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬರ್ ಎಂದರೆ ಸಾವಿರಾರು ಸಣ್ಣ ಸೀಳುಗಳ ಸಾಲು. ಪೊಟ್ಟಣವನ್ನು ಹರಿಯಲು ಮಾಡಿಟ್ಟ ಕಚ್ಚಿನಂತೆ, ಹಿಗ್ಗುವ ಕಡೆಗೆ ಅದು ಬಂದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಹಾಗಾಗಿ ಬರ್ ಇರುವ ಮುಖ ಯಾವಾಗಲೂ ಮಡಿಕೆಯ ಒಳಗೆ ಹೋಗಬೇಕು. ಅದಕ್ಕಿಂತ ಒಳ್ಳೆಯದು, ಮಡಿಸುವ ಮೊದಲೇ ಅರದಿಂದ ಅದನ್ನು ತೆಗೆಯುವುದು. ಮಡಿಸಿದ ಮೇಲೆ ಅರ ಆಡಲು ಜಾಗವೂ ಇರುವುದಿಲ್ಲ.

ಲೇಸರ್ ಯಂತ್ರದಲ್ಲಿ ಕತ್ತರಿಸಿದ ತಗಡಿನ ಕಥೆ ಬೇರೆ. ಸಾರಜನಕದ ಊದಿನಲ್ಲಿ ಕತ್ತರಿಸಿದರೆ ಅಂಚು ಬೆಳ್ಳಗೆ ಶುದ್ಧವಾಗಿರುತ್ತದೆ. ಆಮ್ಲಜನಕದಲ್ಲಿ ಕತ್ತರಿಸಿದ ಉಕ್ಕಿನ ಅಂಚಿಗೆ ಕಪ್ಪು ಆಕ್ಸೈಡ್ ಪದರ ಅಂಟಿಕೊಂಡಿರುತ್ತದೆ. ಬಣ್ಣ ಆ ಪದರಕ್ಕೆ ಅಂಟುತ್ತದೆ, ಆ ಪದರ ಮಾತ್ರ ಉಕ್ಕಿಗೆ ಗಟ್ಟಿಯಾಗಿ ಅಂಟಿರುವುದಿಲ್ಲ. ಕೆಲವು ತಿಂಗಳಲ್ಲಿ ಅಂಚಿನ ಬಣ್ಣ ಸಿಪ್ಪೆಯಂತೆ ಏಳುತ್ತದೆ, ಬೈಗುಳ ಬಣ್ಣ ಬಳಿದವನ ಪಾಲಾಗುತ್ತದೆ.

ನಕ್ಷೆಗಳಲ್ಲಿ "ಚೂಪು ಅಂಚು ಇರಬಾರದು" ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಚೂಪು ಎಂದರೆ ಎಷ್ಟು ಎಂದು ಅಳೆಯುವುದು ಹೇಗೆ? ಇದಕ್ಕೆಂದೇ ಐಎಸ್‌ಒ 13715 ಎಂಬ ಅಂತಾರಾಷ್ಟ್ರೀಯ ಮಾನಕವಿದೆ. ಅದರ ಚಿಹ್ನೆಯ ಪಕ್ಕ, ಹೊರಅಂಚಿನ ಮಟ್ಟಿಗೆ, ಅಧಿಕ ಗುರುತಿನ ಅಂಕಿ ಬರೆದರೆ ಅಷ್ಟು ಎತ್ತರದ ಬರ್ ಇರಬಹುದು ಎಂದರ್ಥ, ಋಣ ಗುರುತಿನ ಅಂಕಿ ಬರೆದರೆ ಬರ್ ಇರಕೂಡದು, ಅಂಚಿನಿಂದ ಅಷ್ಟರವರೆಗೆ ಲೋಹ ತೆಗೆದಿರಬೇಕು ಎಂದರ್ಥ.

ಮಡಿಕೆ ಗೆರೆಯಲ್ಲ

ಕಾಗದದಲ್ಲಿ ಮಡಿಕೆ ಎಂದರೆ ಗೆರೆ. ತಗಡಿನಲ್ಲಿ ಹಾಗಲ್ಲ. ಅದೊಂದು ಸಣ್ಣ ವಲಯ, ಅದಕ್ಕೆ ಅಗಲವಿದೆ, ಒಳಗೆ ಎಳೆದಾಟವಿದೆ. ಹೊರಪದರ ಹಿಗ್ಗಿ ಒಳಪದರ ಕುಗ್ಗುವಾಗ ನಡುವೆ ಎಲ್ಲೋ ಒಂದು ಪದರ ಹಿಗ್ಗದೆ ಕುಗ್ಗದೆ ತನ್ನ ಉದ್ದವನ್ನು ಉಳಿಸಿಕೊಳ್ಳುತ್ತದೆ. ಅದೇ ತಟಸ್ಥ ಪದರ. ತಗಡು ಚಪ್ಪಟೆಯಾಗಿದ್ದಾಗ ಅದು ನಟ್ಟನಡುವೆ ಇರುತ್ತದೆ. ಮಡಿಕೆ ಬಿಗಿಯಾದಷ್ಟೂ ಒಳಮೈಯ ಕಡೆಗೆ ಸರಿಯುತ್ತದೆ. ಒಳಮೈಯಿಂದ ಅದು ಇರುವ ದೂರವನ್ನು ದಪ್ಪದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಕೆ ಫ್ಯಾಕ್ಟರ್ ಎಂದು ಹೆಸರು. ಇದು ಸಾಮಾನ್ಯವಾಗಿ 0.33ರಿಂದ 0.5ರ ನಡುವೆ ಇರುತ್ತದೆ.

ಈ ಸಂಖ್ಯೆ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಮೊದಲು ಮಾಡಿದ ಪೆಟ್ಟಿಗೆಯೇ ಹೇಳಿಕೊಟ್ಟಿತು. ಹೊರಅಳತೆಯಲ್ಲಿ ತಳ 50 ಮಿಲಿಮೀಟರ್, ಗೋಡೆ 30 ಮಿಲಿಮೀಟರ್ ಬೇಕಿತ್ತು. ಕೂಡಿಸಿ 80 ಮಿಲಿಮೀಟರ್ ಎಂದು ಕತ್ತರಿಸಿದೆ. ಮಡಿಸಿದಾಗ ಗೋಡೆ ಸುಮಾರು 2 ಮಿಲಿಮೀಟರ್ ಎತ್ತರ ಬಂತು, ಮುಚ್ಚಳ ಕೂರಲೇ ಇಲ್ಲ. ಸರಿಯಾದ ಲೆಕ್ಕ ಹೀಗೆ. ದಪ್ಪ 1 ಮಿಲಿಮೀಟರ್, ಮಡಿಕೆಯ ಒಳತ್ರಿಜ್ಯ 1 ಮಿಲಿಮೀಟರ್, ಕೆ ಫ್ಯಾಕ್ಟರ್ 0.4 ಎಂದುಕೊಳ್ಳಿ. ತಟಸ್ಥ ಪದರದ ತ್ರಿಜ್ಯ 1.4 ಮಿಲಿಮೀಟರ್ ಆಯಿತು. 90 ಡಿಗ್ರಿ ಎಂದರೆ ಕಾಲು ವೃತ್ತ, ಆದ್ದರಿಂದ 1.57ರಿಂದ ಗುಣಿಸಿದರೆ 2.2 ಮಿಲಿಮೀಟರ್. ಮಡಿಕೆ ನುಂಗುವ ತಗಡು ಅಷ್ಟೇ. ಚಪ್ಪಟೆಯಾಗಿ ಉಳಿಯುವ ಭಾಗಗಳು 50ರಲ್ಲಿ 48, 30ರಲ್ಲಿ 28. ಒಟ್ಟು 78.2 ಮಿಲಿಮೀಟರ್. ನಾನು 1.8 ಮಿಲಿಮೀಟರ್ ಹೆಚ್ಚು ಕತ್ತರಿಸಿದ್ದೆ. ಒಂದು ಮಡಿಕೆಗೆ ಇಷ್ಟಾದರೆ, ಆರು ಮಡಿಕೆಗಳಿರುವ ಕವಚಕ್ಕೆ 1 ಸೆಂಟಿಮೀಟರ್ ದಾಟುತ್ತದೆ.

ಕೋಷ್ಟಕದ ಕೆ ಫ್ಯಾಕ್ಟರ್ ನಂಬಿ ನೂರು ತುಂಡು ಕತ್ತರಿಸುವ ಬದಲು, ಅದೇ ತಗಡಿನ ಪಟ್ಟಿಯೊಂದನ್ನು ಅಳೆದು, ಮಡಿಸಿ, ಮತ್ತೆ ಅಳೆಯುವುದು ಹತ್ತು ನಿಮಿಷದ ಕೆಲಸ. ಹಳೆಯ ಕೆಲಸಗಾರರೆಲ್ಲ ಇದನ್ನೇ ಮಾಡುತ್ತಾರೆ, ಲೆಕ್ಕ ಬಲ್ಲವರೂ.

ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದಕ್ಕೂ ಸರಳ ಲೆಕ್ಕವಿದೆ. ಒಳತ್ರಿಜ್ಯ ದಪ್ಪದಷ್ಟೇ ಇದ್ದರೆ ಹೊರಮೈ ಸುಮಾರು ಮೂರನೇ ಒಂದು ಪಾಲು ಉದ್ದವಾಗಬೇಕು. ತ್ರಿಜ್ಯ ದಪ್ಪದ ಎರಡು ಪಟ್ಟಾದರೆ ಐದನೇ ಒಂದು ಪಾಲು ಸಾಕು. ಮೆದು ಉಕ್ಕಿಗೆ ಮೊದಲನೆಯದೂ ಕಷ್ಟವಲ್ಲ. ಉಷ್ಣೋಪಚಾರದಿಂದ ಗಟ್ಟಿಮಾಡಿದ ಅಲ್ಯೂಮಿನಿಯಂ, ಉದಾಹರಣೆಗೆ 6061-ಟಿ6, ಅಷ್ಟು ಬಿಗಿಯಾಗಿ ಮಡಿಸಿದರೆ ಬಾಯಿಬಿಡುತ್ತದೆ. 5052 ಅಥವಾ 3003 ದರ್ಜೆಯವು ಬಹಳ ಮಟ್ಟಿಗೆ ಹೇಳಿದಂತೆ ಕೇಳುತ್ತವೆ. ತಗಡನ್ನು ರೋಲರ್‌ಗಳಲ್ಲಿ ಉರುಳಿಸಿ ತಯಾರಿಸುವಾಗ ಲೋಹದ ಕಣಗಳು ಒಂದೇ ದಿಕ್ಕಿಗೆ ಉದ್ದವಾಗಿರುತ್ತವೆ, ಮರದ ಎಳೆಯಂತೆ. ಆ ಎಳೆಗೆ ಅಡ್ಡಲಾಗಿ ಮಡಿಕೆಯ ಗೆರೆ ಬಂದರೆ ಒಳ್ಳೆಯದು, ಎಳೆಯ ಜೊತೆಗೇ ಬಂದರೆ ಬಿರುಕಿನ ಅಪಾಯ ಹೆಚ್ಚು.

ಒತ್ತಡ ತೆಗೆದೊಡನೆ ಮಡಿಕೆ ತುಸು ಬಿಚ್ಚಿಕೊಳ್ಳುತ್ತದೆ, ಇದೂ ನೆನಪಿರಲಿ. ಮೆದು ಉಕ್ಕಿನಲ್ಲಿ ಒಂದೆರಡು ಡಿಗ್ರಿ, ಸ್ಟೇನ್‌ಲೆಸ್ ಉಕ್ಕಿನಲ್ಲಿ ಅದಕ್ಕಿಂತ ಹೆಚ್ಚು. ಲೋಹ ಎಷ್ಟು ಬಲಶಾಲಿಯೋ ಅಷ್ಟು ಹಿಂದೆ ಚಿಮ್ಮುತ್ತದೆ. 90 ಬೇಕಿದ್ದರೆ 88ಕ್ಕೆ ಒತ್ತಿ ಬಿಡಬೇಕು.

ಪೂರ್ತಿ ಮಡಿಸಿದಾಗ

ಅಂಚನ್ನು 180 ಡಿಗ್ರಿ ಹಿಂದಕ್ಕೆ ಮಡಿಸಿ ಎರಡು ಪದರ ಮಾಡುವುದೇ ಹೆಮ್. ಬಟ್ಟೆಯ ಅಂಚು ಹೊಲಿಯುವವರ ಶಬ್ದವೇ ಇಲ್ಲಿಗೂ ಬಂದಿದೆ, ಉದ್ದೇಶವೂ ಅದೇ. ಎರಡು ಪದರಗಳು ಒಂದಕ್ಕೊಂದು ತಾಗಿ ಚಪ್ಪಟೆಯಾಗಿದ್ದರೆ ಮುಚ್ಚಿದ ಹೆಮ್. ನಡುವೆ ತಗಡಿನ ದಪ್ಪದಷ್ಟಾದರೂ ಸಂದು ಬಿಟ್ಟರೆ ತೆರೆದ ಹೆಮ್. ತುದಿ ಮಾತ್ರ ತಾಗಿ, ಮಡಿಕೆಯ ಕಡೆಗೆ ಹನಿಯಾಕಾರದ ಪೊಳ್ಳು ಉಳಿದರೆ ಕಣ್ಣೀರ ಹನಿಯ ಹೆಮ್.

ಮುಚ್ಚಿದ ಹೆಮ್ ನೋಡಲು ಚೆಂದ, ಲೋಹಕ್ಕೆ ಮಾತ್ರ ಘೋರ. ಒಳತ್ರಿಜ್ಯ ಸೊನ್ನೆಯಾಗುವುದರಿಂದ, ಮೇಲಿನ ಲೆಕ್ಕದ ಪ್ರಕಾರ, ಹೊರಮೈ ಎರಡು ಪಟ್ಟು ಉದ್ದವಾಗಬೇಕು. ವಾಸ್ತವದಲ್ಲಿ ತಟಸ್ಥ ಪದರ ಒಳಕ್ಕೆ ಸರಿದು ಹಿಗ್ಗು ಇನ್ನೂ ಹೆಚ್ಚುತ್ತದೆ, ಮಡಿಕೆಯಲ್ಲಿ ತಗಡು ತೆಳ್ಳಗಾಗುತ್ತದೆ. ತುಂಬ ಮೆದುವಾದ ಲೋಹ ಮಾತ್ರ ಇದನ್ನು ಸಹಿಸುತ್ತದೆ. ಸಂಶಯವಿದ್ದರೆ ಹನಿಯಾಕಾರದ ಹೆಮ್ ಆರಿಸಿ. ಚೂಪು ಅಡಗುವುದು, ಬಿಗುವು ಬರುವುದು ಎರಡೂ ಅದರಲ್ಲೂ ಆಗುತ್ತದೆ, ಲೋಹಕ್ಕೆ ಉಸಿರಾಡಲು ಜಾಗವೂ ಇರುತ್ತದೆ.

ಪ್ರೆಸ್ ಬ್ರೇಕ್ ಯಂತ್ರದಲ್ಲಿ ಹೆಮ್ ಎರಡು ಹೆಜ್ಜೆಗಳಲ್ಲಿ ಆಗುತ್ತದೆ. ಮೊದಲು ಎರಡು ಪದರಗಳ ನಡುವೆ ಸುಮಾರು 30 ಡಿಗ್ರಿ ಉಳಿಯುವಷ್ಟು ಚೂಪಾಗಿ ಮಡಿಸಬೇಕು, ಆಮೇಲೆ ಚಪ್ಪಟೆ ಅಚ್ಚಿನಲ್ಲಿ ಒತ್ತಬೇಕು. ಎರಡನೆಯ ಹೆಜ್ಜೆಗೆ ಮೊದಲನೆಯದರ ಹಲವು ಪಟ್ಟು ಬಲ ಬೇಕು. ಮಡಿಸಿದ ಅಂಚಿನ ಉದ್ದ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆಯಾದರೆ ಅಚ್ಚಿನಲ್ಲಿ ಅದು ಹಿಡಿತಕ್ಕೇ ಸಿಗುವುದಿಲ್ಲ.

ಯಂತ್ರವಿಲ್ಲದೆ ತೆಳು ತಗಡಿಗೆ ಕೈಯಲ್ಲೇ ಮಾಡಬಹುದು. ಮಡಿಕೆಯ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಿರಿ. ಉಕ್ಕಿನ ಮೊನೆಯಿಂದ ಗೀರಿದರೆ ಆ ಗೀರೇ ಬಿರುಕಿನ ಬೀಜ, ಸತು ಲೇಪಿಸಿದ ತಗಡಾದರೆ ಲೇಪವೂ ಹರಿಯುತ್ತದೆ. ಎರಡು ಕೋನ ಕಬ್ಬಿಣಗಳ ನಡುವೆ ತಗಡನ್ನಿಟ್ಟು, ಗೆರೆ ಅವುಗಳ ಅಂಚಿಗೆ ಸರಿಯಾಗಿ ಕೂರುವಂತೆ ವೈಸ್‌ನಲ್ಲಿ ಬಿಗಿಯಿರಿ. ಕಬ್ಬಿಣದ ಸುತ್ತಿಗೆಯನ್ನು ದೂರವಿಟ್ಟು ಮರದ ಕೊಡತಿ ತೆಗೆದುಕೊಳ್ಳಿ. ಒಂದೇ ಕಡೆ ಬಡಿದು 90 ಡಿಗ್ರಿಗೆ ತರಬೇಡಿ. ಈ ತುದಿಯಿಂದ ಆ ತುದಿಗೆ ಸ್ವಲ್ಪ ಸ್ವಲ್ಪವಾಗಿ, ನಾಲ್ಕೈದು ಸುತ್ತಿನಲ್ಲಿ ಬಾಗಿಸುತ್ತ ಹೋಗಿ. ಬಳಿಕ ತಗಡನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಮಡಿಕೆಯೊಳಗೆ ಅದೇ ದಪ್ಪದ ಚೂರು ತಗಡನ್ನು ತೂರಿಸಿ, ಮೇಲಿನಿಂದ ಕೊಡತಿಯಿಂದ ಮೆಲ್ಲಗೆ ತಟ್ಟಿ ಮುಚ್ಚಿ, ಚೂರನ್ನು ಎಳೆದುಕೊಳ್ಳಿ.

ಮೆಲ್ಲಗೆ ಎಂದದ್ದಕ್ಕೆ ಕಾರಣವಿದೆ. ಸುತ್ತಿಗೆಯ ಪ್ರತಿಯೊಂದು ಜೋರು ಪೆಟ್ಟಿಗೂ ಅಂಚಿನ ಲೋಹ ತೆಳುವಾಗಿ ಉದ್ದವಾಗುತ್ತದೆ. ನಡುಭಾಗ ಮೊದಲಿನಷ್ಟೇ ಉದ್ದ ಇರುತ್ತದೆ. ಉದ್ದವಾದ ಅಂಚಿಗೆ ಹೋಗಲು ಜಾಗವಿಲ್ಲದೆ ಅದು ಅಲೆ ಅಲೆಯಾಗಿ ಏಳುತ್ತದೆ. ಆ ಅಲೆಯನ್ನು ಬಡಿದು ಸರಿಮಾಡಲು ಹೊರಟರೆ ಅಂಚು ಇನ್ನಷ್ಟು ಉದ್ದವಾಗುತ್ತದೆ. ಹೊಸಬರು ಇಡೀ ಮಧ್ಯಾಹ್ನವನ್ನು ಹೀಗೆ ಕಳೆಯುವುದುಂಟು.

ಬಕೆಟ್ಟು, ಆಲಿಕೆಗಳ ಬಾಯಿಯಲ್ಲಿ ಕಾಣುವ ದುಂಡು ಅಂಚಿನೊಳಗೆ ಹಲವು ಬಾರಿ ತಂತಿಯಿರುತ್ತದೆ. ತಗಡು ಅದನ್ನು ಸುತ್ತಿಕೊಂಡಿರುತ್ತದೆ. ಇದಕ್ಕೆ ತಲೆತಲಾಂತರದ ಸೂತ್ರವೊಂದಿದೆ, ತಂತಿಯ ವ್ಯಾಸದ ಎರಡೂವರೆ ಪಟ್ಟು ತಗಡು ಬಿಡಬೇಕು. 3 ಮಿಲಿಮೀಟರ್ ತಂತಿಗೆ 7.5 ಮಿಲಿಮೀಟರ್.

ನೇರವಲ್ಲದ ಅಂಚು

ಇದುವರೆಗಿನದೆಲ್ಲ ನೇರ ಗೆರೆಯ ಮಾತು. ಅಂಚು ಬಳುಕಿದೊಡನೆ ಲೆಕ್ಕ ಇನ್ನೊಂದು ದಿಕ್ಕಿಗೂ ಹರಡುತ್ತದೆ. ದುಂಡು ತಟ್ಟೆಯ ಅಂಚನ್ನು ಒಳಕ್ಕೆ ಮಡಿಸುವುದನ್ನು ಊಹಿಸಿ. ಹೊರಗಿನ ದೊಡ್ಡ ವೃತ್ತ ಒಳಗಿನ ಸಣ್ಣ ವೃತ್ತದ ಜಾಗದಲ್ಲಿ ಬಂದು ಕೂರಬೇಕು. ಉಳಿದ ಉದ್ದ ಸುಕ್ಕಾಗುತ್ತದೆ. ತಗಡಿನ ನಡುವೆ ಕೊರೆದ ದುಂಡು ರಂಧ್ರದ ಅಂಚನ್ನು ಹೊರಕ್ಕೆ ಮಡಿಸುವುದು ಇದಕ್ಕೆ ತದ್ವಿರುದ್ಧ. ಸಣ್ಣ ವೃತ್ತ ದೊಡ್ಡದಾಗಬೇಕು, ಸಾಲದ ಉದ್ದವನ್ನು ಹಿಗ್ಗಿ ತುಂಬಬೇಕು, ಆಗದಿದ್ದರೆ ಸೀಳುತ್ತದೆ. ಬಟ್ಟೆ ಹೊಲಿಯುವವರು ಇಂಥಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಪಾರಾಗುತ್ತಾರೆ. ತಗಡಿನಲ್ಲೂ ಕಚ್ಚು ಹಾಕಬಹುದು, ಬಿಗುವು ಕಳೆದುಕೊಳ್ಳಲು ಸಿದ್ಧವಿದ್ದರೆ. ಇಲ್ಲವಾದರೆ ಬಳುಕು ತೀಕ್ಷ್ಣವಾಗಿರುವ ಕಡೆ ಮಡಿಕೆಯ ಅಗಲವನ್ನು ಕಿರಿದು ಮಾಡುವುದೇ ದಾರಿ.

ಎರಡು ಮಡಿಕೆಗಳು ಕೂಡುವ ಮೂಲೆಯದು ಮತ್ತೊಂದು ತಕರಾರು. ಹಾಗೆಯೇ ಮಡಿಸಿದರೆ ಅಲ್ಲಿ ಪದರದ ಮೇಲೆ ಪದರ ಬಂದು ಗಂಟಾಗುತ್ತದೆ. ಮೂಲೆಯನ್ನು 45 ಡಿಗ್ರಿಯಲ್ಲಿ ಮೊದಲೇ ಕತ್ತರಿಸಿಡಬೇಕು. ಮಡಿಕೆ ಅಂಚಿನ ನಡುವೆಯೇ ನಿಲ್ಲುವುದಾದರೆ ಅದು ನಿಲ್ಲುವ ಜಾಗದಲ್ಲಿ, ತಗಡಿನ ದಪ್ಪಕ್ಕಿಂತ ಕಡಿಮೆಯಿಲ್ಲದ ಅಗಲದ ಬಿಡುಗಡೆಯ ಕಚ್ಚು ಬೇಕು, ಇಲ್ಲದಿದ್ದರೆ ಲೋಹ ತನಗೆ ಬೇಕಾದಲ್ಲಿ ಹರಿದುಕೊಳ್ಳುತ್ತದೆ. ರಂಧ್ರಗಳನ್ನೂ ಮಡಿಕೆಯಿಂದ ದಪ್ಪದ ಎರಡು ಪಟ್ಟಿಗೆ ಒಳತ್ರಿಜ್ಯ ಸೇರಿಸಿದಷ್ಟಾದರೂ ದೂರ ಇಡಬೇಕು. ಹತ್ತಿರವಾದರೆ ದುಂಡು ರಂಧ್ರ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ.

ಮಡಿಕೆಯೇ ಬೆಸುಗೆಯಾದಾಗ

ಒಂದು ತಗಡಿನ ಮಡಿಕೆಯೊಳಗೆ ಇನ್ನೊಂದರ ಅಂಚನ್ನು ಸಿಕ್ಕಿಸಿದರೆ ಬೆಂಕಿಯಿಲ್ಲದೆ ಜೋಡಣೆಯಾಗುತ್ತದೆ. ಆಹಾರದ ಡಬ್ಬಿಯ ಮೇಲಂಚು ಇದರ ಅಚ್ಚುಕಟ್ಟಾದ ನಮೂನೆ. ಮುಚ್ಚಳದ ಅಂಚೂ ಗೋಡೆಯ ಅಂಚೂ ಎರಡು ಕೊಕ್ಕೆಗಳಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅಡ್ಡಕ್ಕೆ ಕೊಯ್ದು ನೋಡಿದರೆ ಐದು ಪದರಗಳು ಸಿಗುತ್ತವೆ, ಮುಚ್ಚಳದವು ಮೂರು, ಗೋಡೆಯವು ಎರಡು. ಮೊದಲ ರೋಲರ್ ಸುರುಳಿ ಸುತ್ತುತ್ತದೆ, ಎರಡನೆಯದು ಅದನ್ನು ಅಮುಕಿ ಬಿಗಿಯುತ್ತದೆ. ಮುಚ್ಚಳದ ಅಂಚಿನಲ್ಲಿ ಮೊದಲೇ ಹಚ್ಚಿದ ರಬ್ಬರಿನಂಥ ಲೇಪ ಉಳಿದ ಸಂದುಗಳನ್ನು ತುಂಬುತ್ತದೆ.

ಕಾರಿನ ಬಾಗಿಲೂ ಹೀಗೆಯೇ. ಹೊರತಗಡು ಸಾಮಾನ್ಯವಾಗಿ 0.7 ಮಿಲಿಮೀಟರ್ ಆಸುಪಾಸಿನ ದಪ್ಪದ್ದು. ಅದರ ಅಂಚು ಒಳತಗಡಿನ ಅಂಚನ್ನು ಸುತ್ತಿ ಹಿಡಿದುಕೊಳ್ಳುತ್ತದೆ. ಮೊದಲು 90 ಡಿಗ್ರಿ, ಆಮೇಲೆ ಅದರ ಅರ್ಧ ಕೋನ ಉಳಿಯುವಷ್ಟು, ಕೊನೆಗೆ ಪೂರ್ತಿ. ಯಂತ್ರಮಾನವನ ಕೈಯಲ್ಲಿರುವ ಸಣ್ಣ ರೋಲರ್ ಅಂಚಿನುದ್ದಕ್ಕೂ ಉರುಳುತ್ತ ಹಂತಹಂತವಾಗಿ ಇದನ್ನು ಮುಗಿಸುತ್ತದೆ. ಹೊರತಗಡು ಅಲ್ಯೂಮಿನಿಯಂ ಆಗಿದ್ದರೆ ಚಪ್ಪಟೆ ಮಡಿಕೆಗೆ ಬಿರುಕು ಬರುವುದರಿಂದ, ಹಗ್ಗದಂತೆ ಉಬ್ಬಿದ ಸಡಿಲ ಮಡಿಕೆಯನ್ನು ಬಿಡುತ್ತಾರೆ. ಎರಡು ಬಾಗಿಲುಗಳ ನಡುವಿನ ಸಂದು ಸ್ವಲ್ಪ ಅಗಲವಾಗಿ ಕಾಣುವುದಕ್ಕೆ ಕೆಲವೊಮ್ಮೆ ಇದೂ ಕಾರಣ.

ಮಡಿಕೆ ತಂದ ರಕ್ಷಣೆಯೇ ಇಲ್ಲಿ ತೊಂದರೆಯನ್ನೂ ತರುತ್ತದೆ. ಎರಡು ಪದರಗಳ ನಡುವಿನ ಕಿರುಸಂದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿದರೂ ಬಣ್ಣ ಅಷ್ಟು ಆಳಕ್ಕೆ ಹೋಗುವುದಿಲ್ಲ. ಬಣ್ಣಕ್ಕೆ ಮೊದಲು ತೊಳೆಯಲು ಬಳಸಿದ ರಾಸಾಯನಿಕ ಒಳಗುಳಿದರೆ ತುಕ್ಕು ಒಳಗಿನಿಂದಲೇ ಹೊರಡುತ್ತದೆ, ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ತಗಡು ಮುಗಿದಿರುತ್ತದೆ. ಅದಕ್ಕೇ ಕಾರಿನ ಮಡಿಕೆಯೊಳಗೆ ಎಪಾಕ್ಸಿ ಅಂಟು ತುಂಬುತ್ತಾರೆ, ಮಡಿಸಿದ ತುದಿಯ ಮೇಲೆ ಮುಚ್ಚುಲೇಪ ಎಳೆಯುತ್ತಾರೆ, ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿದುಹೋಗಲು ಸಣ್ಣ ರಂಧ್ರಗಳನ್ನು ಬಿಡುತ್ತಾರೆ. ಆ ರಂಧ್ರಗಳು ಕೆಸರು ಕಟ್ಟಿ ಮುಚ್ಚಿದ್ದರೆ ಮೆದುವಾದ ಮರದ ಕಡ್ಡಿಯಿಂದ ಬಿಡಿಸಿಕೊಳ್ಳಬಹುದು. ತಂತಿ ಬೇಡ, ಅದು ಒಳಗಿನ ಬಣ್ಣವನ್ನು ಗೀರುತ್ತದೆ.